ಸಂಕ್ರಾಂತಿಯಿಂದ ಯುಗಾದಿಯವರೆಗೆ: ಎಂಟು ಮನೆಗಳ ಊಟದ ಒಪ್ಪಂದ

(ನಮ್ಮ ದೀಪಾವಳಿ ನಿಧಿ ಸಂಗ್ರಹ ಸಂಜೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಊಟಕ್ಕೆ ಕರೆಯುವ ಮುಂಚೆ ಊಟದ ಬಗ್ಗೆ ಉಪದೇಶ ಮಾಡುವವರನ್ನು ಯಾರೂ ಇಷ್ಟಪಡುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು. ಸಾರು ಕುದಿಯಲು ಇನ್ನೂ ಇಪ್ಪತ್ತು ನಿಮಿಷ ಬೇಕಂತೆ, ಅಷ್ಟರಲ್ಲಿ ನೀವು ಮಾತಾಡಿ ಎಂದು ಕಾರ್ಯದರ್ಶಿಗಳು ಅವಕಾಶ ಕೊಟ್ಟಿದ್ದಾರೆ. ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ. ನಾವು ವೈದ್ಯರಲ್ಲ, ಆಹಾರ ತಜ್ಞರೂ ಅಲ್ಲ. ನಾವು ಎಂಟು ಮನೆಯವರು. ನಿಮ್ಮ ಹಾಗೆಯೇ ಸಾಫ್ಟ್‌ವೇರು, ಆಸ್ಪತ್ರೆ, ಬ್ಯಾಂಕು, ಶಾಲೆ ಎಂದು ಓಡಾಡಿಕೊಂಡು, ವಾರಾಂತ್ಯಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಬಂದು, ಇಂಗ್ಲೆಂಡಿನ ಈ ಮಳೆಯಲ್ಲಿ ಬೆಚ್ಚಗೆ ಬದುಕಿಕೊಂಡಿರುವವರು. ಮುಂದಿನ ಸಂಕ್ರಾಂತಿಯ ಮರುದಿನದಿಂದ ಯುಗಾದಿಯವರೆಗೆ ಎಲ್ಲರೂ ಸೇರಿ ಒಂದು ಊಟದ ಕ್ರಮ ಹಿಡಿಯಬೇಕೆಂದು ನಿಶ್ಚಯಿಸಿದ್ದೇವೆ. ಅದಿನ್ನೂ ಶುರುವಾಗಿಲ್ಲ. ಆದ್ದರಿಂದ ಎಷ್ಟು ಕಿಲೋ ಇಳಿದೆವು, ಯಾವ ಪ್ಯಾಂಟು ಸಡಿಲವಾಯಿತು ಎಂದು ಹೇಳಲು ನಮ್ಮಲ್ಲಿ ಏನೂ ಇಲ್ಲ. ಇರುವುದು ತಯಾರಿಯ ಕಥೆ ಮಾತ್ರ. ಆದರೆ ಈ ಎರಡು ತಿಂಗಳ ತಯಾರಿಯಲ್ಲೇ ನಾವು ತಿಳಿದುಕೊಂಡದ್ದು ಬಹಳವಿದೆ.

ಈ ಯೋಚನೆ ಎಲ್ಲಿಂದ ಬಂತು ಎಂಬುದನ್ನು ಆ ಮನೆಯವರ ಅನುಮತಿ ಪಡೆದೇ ಹೇಳುತ್ತಿದ್ದೇವೆ. ನಮ್ಮ ಎಂಟು ಮನೆಗಳಲ್ಲಿ ಒಂದು ಮನೆಯ ಯಜಮಾನರಿಗೆ 46 ವರ್ಷ. ತೆಳ್ಳಗಿನ ಆಳು. ಸಿಗರೇಟಿಲ್ಲ, ಕುಡಿತವಿಲ್ಲ, ಹುಟ್ಟಾ ಸಸ್ಯಾಹಾರಿ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಸಂಜೆಯ ಹೊತ್ತಿಗೆ ಎರಡು ಸ್ಟೆಂಟ್ ಹಾಕಿದ್ದರು. ತಮಗೆ ಸಕ್ಕರೆ ಕಾಯಿಲೆ ಇದೆ ಎಂಬುದೂ ಅವರಿಗೆ ಗೊತ್ತಾದದ್ದು ಆವತ್ತೇ. ಹಾಸನದಲ್ಲಿರುವ ಅವರ ತಾಯಿಗೆ ಎರಡು ತಿಂಗಳು ಈ ವಿಷಯ ತಿಳಿಸಲಿಲ್ಲ. ಪ್ರತಿ ಭಾನುವಾರ ವಿಡಿಯೋದಲ್ಲಿ ಮಾತಾಡುವಾಗ ಶಾಲು ಹೊದ್ದು ಕೂರುತ್ತಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಮನೆಯಾಕೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾವೇನು ಹೊರಗಿನ ಊಟ ತಿಂದವರಾ? ಮನೆ ಊಟವೇ ತಾನೆ ತಿಂದದ್ದು?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದದ್ದೇ ನಮ್ಮ ತಯಾರಿಯ ಮೊದಲ ಅಧ್ಯಾಯ ಎನ್ನಬಹುದು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಜೊತೆಗೆ ತಮ್ಮದೇ ಒಂದು ಫೋಟೋ. ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ, ಇಬ್ಬರೂ ತೆಳ್ಳಗಿದ್ದಾರೆ, ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿ.ಎಂ.ಐ. ಇಬ್ಬರದೂ 22.3. ಆದರೆ ಮೈಯಲ್ಲಿರುವ ಕೊಬ್ಬನ್ನು ಅಳೆದರೆ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2! ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ. ನಮ್ಮ ಜನರ ಮೈಕಟ್ಟಿನ ಗುಟ್ಟು ಇದು. ಆ ಕೊಬ್ಬು ತೋಳಿನಲ್ಲಿ ತೊಡೆಯಲ್ಲಿ ಕೂರುವ ಬದಲು ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ ಹೋಗಿ ಕೂರುತ್ತದೆ. "ಅವನು ಕಡ್ಡಿಯ ಹಾಗಿದ್ದಾನೆ, ಅವನಿಗೇನು?" ಎಂದು ನಾವು ಹೇಳುವ ಮಾತಿಗೆ ಹಾಗಾಗಿ ಹೆಚ್ಚು ಬೆಲೆಯಿಲ್ಲ.

ಈ ದೇಶದ ನೈಸ್ ಸಂಸ್ಥೆ 2013ರಲ್ಲೇ ಇದನ್ನು ಮನ್ನಿಸಿ ದಕ್ಷಿಣ ಏಷ್ಯಾದವರಿಗೆ ಬೇರೆ ಗಡಿ ಹಾಕಿಕೊಟ್ಟಿದೆ. ಬಿಳಿಯರಿಗೆ 25 ದಾಟಿದರೆ ಎಚ್ಚರಿಕೆ, ನಮಗೆ 23ಕ್ಕೇ ಎಚ್ಚರಿಕೆ. ಅವರಿಗೆ 30, ನಮಗೆ 27.5. ಆಫೀಸಿನ ಗೋಡೆಯ ಮೇಲೆ ಅಂಟಿಸಿರುವ ಹಸಿರು, ಹಳದಿ, ಕೆಂಪು ಪಟ್ಟಿಯನ್ನು ನೋಡಿ "ನಾನು ಹಸಿರಿನಲ್ಲಿದ್ದೇನೆ" ಎಂದು ಸಮಾಧಾನ ಪಡುವ ಮುಂಚೆ ಆ ಪಟ್ಟಿ ಯಾರಿಗಾಗಿ ಮಾಡಿದ್ದು ಎಂದು ನೋಡಬೇಕು.

ಇನ್ನೂ ಸುಲಭದ ಒಂದು ಅಳತೆ ಇದೆ, ಅದಕ್ಕೆ ಲೆಕ್ಕವೇ ಬೇಡ. ನಿಮ್ಮ ಎತ್ತರದಷ್ಟು ಉದ್ದದ ದಾರ ಕತ್ತರಿಸಿ. ಎರಡು ಮಡಿಕೆ ಮಾಡಿ. ಆ ಮಡಿಸಿದ ದಾರ ನಿಮ್ಮ ಸೊಂಟವನ್ನು ಸುತ್ತಿ ಬರಬೇಕು. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ ಸುತ್ತಬೇಕು, ಉಸಿರು ಬಿಟ್ಟಮೇಲೆ ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಳ್ಳುವುದು ನಿಷಿದ್ಧ! ದಾರ ಸಾಲದೆ ಹೋದರೆ ಅಪಾಯ ಹೆಚ್ಚಿದೆ ಎಂದು ಅರ್ಥ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬುದು 2022ರಿಂದ ನೈಸ್ ಸಂಸ್ಥೆಯೇ ಕೊಡುತ್ತಿರುವ ಸಲಹೆ. ನಮ್ಮ ಒಂದು ಭಾನುವಾರದ ಕೂಟದಲ್ಲಿ ಪ್ರತಿಯೊಬ್ಬರೂ ಒಂದೊಂದು ದಾರ ಹಿಡಿದು ಒಳಗಿನ ಕೋಣೆಗೆ ಹೋಗಿ ಬಂದರು. ಹೊರಗೆ ಬಂದ ಮುಖಗಳನ್ನು ನೋಡಿಯೇ ಫಲಿತಾಂಶ ಹೇಳಬಹುದಿತ್ತು.

ಆಮೇಲೆ ರಕ್ತ ಪರೀಕ್ಷೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಇಲ್ಲಿನ ಅಳತೆಯಲ್ಲಿ 42ಕ್ಕಿಂತ ಕಡಿಮೆ ಇದ್ದರೆ ಸರಿ, 42ರಿಂದ 47 ಗಡಿಯ ಮೇಲಿನ ಜಾಗ, 48 ಮತ್ತು ಅದಕ್ಕಿಂತ ಮೇಲೆ ಸಕ್ಕರೆ ಕಾಯಿಲೆ. ಊರಿನಲ್ಲಿ ಇದನ್ನೇ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ, 48 ಎಂದರೆ ಅಲ್ಲಿ 6.5. ಊರಿನ ಅಣ್ಣನ ರಿಪೋರ್ಟನ್ನೂ ನಿಮ್ಮದನ್ನೂ ಹೋಲಿಸುವಾಗ ಈ ವ್ಯತ್ಯಾಸ ನೆನಪಿರಲಿ. ನಮ್ಮ ಹದಿನಾರು ಜನರಲ್ಲಿ ಐವರು ಆ ನಡುವಿನ ಜಾಗದಲ್ಲಿದ್ದರು. ಐವರಲ್ಲಿ ಒಬ್ಬರಿಗೂ ಅದು ಮೊದಲೇ ಗೊತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಉಚಿತ. ಕರೆ ಬಂದಾಗ "ಈಗ ಪುರುಸೊತ್ತಿಲ್ಲ" ಎಂದು ಪಕ್ಕಕ್ಕಿಟ್ಟ ಕಾಗದಗಳು ಎಷ್ಟು ಮನೆಗಳ ಫ್ರಿಡ್ಜಿನ ಮೇಲಿವೆಯೋ! ನಲವತ್ತಾಗದಿದ್ದರೂ ನಮ್ಮವರು 25 ದಾಟಿದ್ದರೆ ಅಪಾಯದ ಅಂದಾಜು ಮಾಡಿಸಿಕೊಳ್ಳಬೇಕು ಎಂಬ ಸಲಹೆಯೂ ಇದೆ, ಜಿ.ಪಿ. ಬಳಿ ಧೈರ್ಯವಾಗಿ ಕೇಳಿ. ಗಡಿಯ ಮೇಲಿರುವವರನ್ನು ಜಿ.ಪಿ.ಗಳು 2016ರಲ್ಲಿ ಶುರುವಾದ ಎನ್‌ಎಚ್‌ಎಸ್ ಸಕ್ಕರೆ ಕಾಯಿಲೆ ತಡೆ ಕಾರ್ಯಕ್ರಮಕ್ಕೆ ಕಳಿಸುತ್ತಾರೆ, ಅದಕ್ಕೂ ದುಡ್ಡಿಲ್ಲ. ನಮ್ಮ ಐವರಲ್ಲಿ ಮೂವರು ಈಗಾಗಲೇ ಹೆಸರು ಕೊಟ್ಟಿದ್ದಾರೆ.

ಇದರಿಂದ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ನಮ್ಮ ಪಕ್ಕದ ಚೆನ್ನೈನ ಉದಾಹರಣೆಯೇ ಇದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಗಡಿಯ ಮೇಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ 100ಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು, ಊಟ ಮತ್ತು ನಡಿಗೆಯ ಕ್ರಮ ಹಿಡಿದವರಲ್ಲಿ ಸುಮಾರು 39 ಜನರಿಗೆ. ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಕ್ರಮ ಹಿಡಿದವರ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ, ಆದರೂ ಪ್ರಯೋಜನವಾಗಿತ್ತು. ತೂಕದ ಯಂತ್ರ ಹೇಳುವುದೇ ಕೊನೆಯ ಮಾತಲ್ಲ ಎಂದು ನಾವು ತೀರ್ಮಾನಿಸಿದ್ದು ಇದನ್ನು ಓದಿದ ಮೇಲೆ.

ಈಗ ನಮ್ಮ ಗೆಳತಿಯ ಪ್ರಶ್ನೆಗೆ ಬರೋಣ. ಮನೆ ಊಟವೇ ತಾನೆ?

ನಾವು ಒಂದು ಕೆಲಸ ಮಾಡಿದೆವು. ಎಲ್ಲ ಮನೆಗಳಲ್ಲೂ ಹೊಸ ಎಣ್ಣೆ ಡಬ್ಬ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಟ್ಟೆವು. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಡಬ್ಬ ಒಂದು ತಿಂಗಳಿಗೆ ಮುಗಿದರೆ ಒಬ್ಬೊಬ್ಬರಿಗೆ ದಿನಕ್ಕೆ 40 ಮಿಲಿಲೀಟರ್ ದಾಟಿತು. ಅದರ ಕ್ಯಾಲೊರಿ ಸುಮಾರು 340, ಹೆಚ್ಚುಕಡಿಮೆ 100 ಗ್ರಾಂ ಅಕ್ಕಿಗೆ ಸಮ! ಅನ್ನ ಬಿಟ್ಟುಬಿಡುತ್ತೇನೆ ಎಂದು ಶಪಥ ಮಾಡಿ ಒಗ್ಗರಣೆಯ ಸೌಟನ್ನು ಮುಟ್ಟದೆ ಇರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಮನೆಯೂಟದ ದೋಷ ಮನೆಯದಲ್ಲ. ಇಲ್ಲಿಗೆ ಬಂದಮೇಲೆ ನಾವು ಊರಿನ ಹಬ್ಬದ ಅಡುಗೆಯನ್ನು ಪ್ರತಿ ವಾರಾಂತ್ಯದ ಅಡುಗೆ ಮಾಡಿಕೊಂಡಿದ್ದೇವೆ. ಅಜ್ಜಿಯ ಕಾಲದಲ್ಲಿ ಹೋಳಿಗೆ ಯುಗಾದಿಗೆ, ಚಕ್ಕುಲಿ ಗೋಕುಲಾಷ್ಟಮಿಗೆ, ಕಡುಬು ಗಣೇಶನಿಗೆ. ಉಳಿದ ದಿನ ಸೊಪ್ಪಿನ ಹುಳಿ, ಮುದ್ದೆ, ಮಜ್ಜಿಗೆ. ನಮಗೆ ನೆನಪಿರುವುದು ಹೋಳಿಗೆ. ಊರು ನೆನಪಾದಾಗಲೆಲ್ಲ ಹೋಳಿಗೆಯನ್ನೇ ಮಾಡುತ್ತೇವೆ. ಸೊಪ್ಪಿನ ಹುಳಿ ಮಾಡಿ ಊರನ್ನು ನೆನೆಸಿಕೊಳ್ಳುವವರು ಕಡಿಮೆ.

ರಾಗಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ನಮ್ಮ ಗುಂಪಿನಲ್ಲಿ ಮಂಡ್ಯದ ಕಡೆಯವರು ಇಬ್ಬರಿದ್ದಾರೆ, ಅವರ ಮುಂದೆ ರಾಗಿಯ ಬಗ್ಗೆ ಮಾತಾಡುವಾಗ ಎಚ್ಚರ ಬೇಕು. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂಗೂ ಹೆಚ್ಚಿನ ಸುಣ್ಣದಂಶ, 11 ಗ್ರಾಂನಷ್ಟು ನಾರು. ಬಿಳಿ ಅಕ್ಕಿಯಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ, ನಾರು 3 ಗ್ರಾಂ ಮುಟ್ಟುವುದಿಲ್ಲ. ಆದರೆ ಕ್ಯಾಲೊರಿಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ರಾಗಿ 320ರ ಆಸುಪಾಸು, ಅಕ್ಕಿ 350. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಎರಡು ಹೊಡೆದರೆ ಸಕ್ಕರೆ ಏರಿಯೇ ಏರುತ್ತದೆ. ಬೆಲ್ಲದ ಕಥೆಯೂ ಇದೇ. ಬೆಲ್ಲ ಹಾಕಿದ್ದೇವೆ, ಸಕ್ಕರೆ ಅಲ್ಲ ಎಂದು ಸಮಾಧಾನ ಹೇಳುವವರು ಪ್ರತಿ ಕೂಟದಲ್ಲೂ ಸಿಗುತ್ತಾರೆ. ಮೈಗೆ ಎರಡೂ ಒಂದೇ.

ಹಾಗಾದರೆ ಊಟದ ಕ್ರಮ ಏನು? ಇಲ್ಲಿ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಒಬ್ಬರು ಅನ್ನ ಚಪಾತಿ ಪೂರ್ತಿ ಬಂದ್ ಎಂದರು. ಇನ್ನೊಬ್ಬರು ಹದಿನಾರು ಗಂಟೆ ಉಪವಾಸ ಎಂದರು. ಮತ್ತೊಬ್ಬರು ನ್ಯೂಕಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಅವರ ಡೈರೆಕ್ಟ್ ಅಧ್ಯಯನದ ವರದಿ ತಂದು ಮುಂದಿಟ್ಟರು. ದಿನಕ್ಕೆ 850 ಕ್ಯಾಲೊರಿಯಷ್ಟರ ಶೇಕ್ ಕುಡಿದು, ಒಂದು ವರ್ಷದ ಕೊನೆಗೆ ಶೇಕಡಾ 46 ಜನ ಸಕ್ಕರೆ ಕಾಯಿಲೆಯ ಹಿಡಿತದಿಂದ ಹೊರಬಂದರು ಎಂದು 2017ರಲ್ಲಿ ಬಂದ ವರದಿ ಅದು. ನಿಜವಾದ ಸಾಧನೆ, ಸಂಶಯವಿಲ್ಲ. ಆದರೆ ಅದು ಆರು ವರ್ಷದೊಳಗೆ ಕಾಯಿಲೆ ಗೊತ್ತಾದ, ತೂಕ ಹೆಚ್ಚಿದ್ದವರ ಮೇಲೆ, ವೈದ್ಯರ ಕಣ್ಣಳತೆಯಲ್ಲಿ ನಡೆದ ಚಿಕಿತ್ಸೆ. ಗೆಳೆಯರು ಸೇರಿ ಭಾನುವಾರ ಸಂಜೆ ತೀರ್ಮಾನ ಮಾಡಿ ಸೋಮವಾರ ಬೆಳಿಗ್ಗೆ ಶುರು ಮಾಡುವ ಕೆಲಸವಲ್ಲ. ಈಗ ಎಲ್ಲರ ಬಾಯಲ್ಲಿರುವ ತೂಕದ ಇಂಜೆಕ್ಷನ್ನೂ ಹಾಗೆಯೇ, ಅದು ಅವರವರಿಗೂ ಅವರವರ ವೈದ್ಯರಿಗೂ ಬಿಟ್ಟದ್ದು.

ಮೂರು ಭಾನುವಾರ ವಾದ ಮಾಡಿದ ಮೇಲೆ ಒಂದು ದಾರಿ ಸಿಕ್ಕಿತು. ಅವರವರ ಮನೆಯ ತಟ್ಟೆ ಅವರವರ ಇಷ್ಟ. ನಮ್ಮ ಒಪ್ಪಂದ ಎಲ್ಲರೂ ಸೇರುವ ಊಟಕ್ಕೆ ಮಾತ್ರ. ಬಹಳ ಸಣ್ಣದು ಎನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ: ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ಕ್ರಿಕೆಟ್ ಪಂದ್ಯ ಎಂದು ನಾವು ವಾರಕ್ಕೊಮ್ಮೆಯಾದರೂ ಸೇರುತ್ತೇವೆ. ಒಂದೊಂದು ಮನೆಯವರೂ ಒಂದೊಂದು ಸಿಹಿ ತರುತ್ತಾರೆ. ಎಂಟು ಮನೆ, ಎಂಟು ಸಿಹಿ. ಯಾರದನ್ನೂ ಬಿಡುವಂತಿಲ್ಲ, ಬೇಜಾರಾಗುತ್ತದೆ. ಮಿಕ್ಕದ್ದನ್ನು ಡಬ್ಬಿಗೆ ತುಂಬಿ ಕೊಡುತ್ತೇವೆ, ಅದು ಬುಧವಾರದವರೆಗೂ ಬರುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 12,067 ಜನರ 32 ವರ್ಷಗಳ ದಾಖಲೆಯನ್ನು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು ಪರಿಶೀಲಿಸಿ 2007ರಲ್ಲಿ ಒಂದು ಲೇಖನ ಬರೆದರು. ಒಬ್ಬರಿಗೆ ಬೊಜ್ಜು ಬಂದರೆ ಅವರ ಗೆಳೆಯರಿಗೂ ಬೊಜ್ಜು ಬರುವ ಸಂಭವ ಶೇಕಡಾ 57ರಷ್ಟು ಹೆಚ್ಚುತ್ತದೆ ಎಂದು ಅವರು ಕಂಡರು. ಪಕ್ಕದ ಮನೆಯವರಿಂದ ಹಾಗಾಗುವುದಿಲ್ಲವಂತೆ, ಗೆಳೆಯರಿಂದಲೇ ಆಗುವುದು. ಅವರ ಲೆಕ್ಕದ ವಿಧಾನಕ್ಕೆ ಆಮೇಲೆ ತಕರಾರುಗಳೂ ಬಂದವು, ಅದು ಪಂಡಿತರ ವಿಷಯ. ಸಂಬಂಧಿಕರು ಸುಮಾರು ಐದು ಸಾವಿರ ಮೈಲಿ ಆಚೆ ಇರುವ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಇಲ್ಲಿ ನಮಗೆ ಗೆಳೆಯರೇ ಅಣ್ಣ ತಮ್ಮ, ಗೆಳೆಯರೇ ಭಾವ ಮೈದುನ. ಅವರು ಬಡಿಸಿದ್ದನ್ನೇ ನಾವು ತಿನ್ನುವುದು. ಹಾಗಿದ್ದ ಮೇಲೆ ಬಡಿಸುವ ಕೈಯನ್ನು ಸ್ವಲ್ಪ ಬೇರೆ ಕಡೆ ತಿರುಗಿಸಿದರೆ?

ಒಪ್ಪಂದದ ಮಾತುಗಳು ಹೀಗಿವೆ. ಒಂದು ಕೂಟಕ್ಕೆ ಒಂದೇ ಸಿಹಿ, ಅದೂ ಸರದಿಯ ಮೇಲೆ, ಒಂದು ಮನೆಯಿಂದ. ಕರಿದದ್ದೂ ಒಂದೇ. ಉಳಿದ ಆರು ಮನೆಯವರು ತರಬೇಕಾದ್ದು ಕೋಸಂಬರಿ, ಪಲ್ಯ, ಕಾಳಿನ ಉಸಲಿ, ತಂಬುಳಿ, ಸೊಪ್ಪಿನ ಸಾರು ಇಂಥವು. "ಇನ್ನೊಂದು ಹಾಕಿಸಿಕೊಳ್ಳಿ" ಎಂಬ ಉಪಚಾರ ಒಂದು ಸಲ ಮಾತ್ರ, ಬೇಡ ಎಂದರೆ ಮತ್ತೆ ಕೇಳುವಂತಿಲ್ಲ. ಡಬ್ಬಿ ಕಟ್ಟಿ ಕಳಿಸುವುದಾದರೆ ಪಲ್ಯವನ್ನು ಕಟ್ಟಿ.

ಬಡಿಸುವ ಕ್ರಮದ ಬಗ್ಗೆ ಎರಡು ಮಾತು. ಬಾಳೆಯೆಲೆಯ ಊಟ ನೆನಪಿದೆಯಲ್ಲವೇ? ಉಪ್ಪು, ಉಪ್ಪಿನಕಾಯಿ ಆದಮೇಲೆ ಎಲೆಗೆ ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ನಾವು ಮಾತ್ರ ಕೋಸಂಬರಿಯನ್ನು ಎಲೆಯ ಮೂಲೆಯಲ್ಲಿ ಅಲಂಕಾರಕ್ಕೆ ಬಿಟ್ಟು ಅನ್ನಕ್ಕಾಗಿ ಕಾಯುತ್ತಿದ್ದೆವು. ತರಕಾರಿಯನ್ನೂ ಬೇಳೆಕಾಳನ್ನೂ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ ಎಂದು ಈಗಿನ ಪ್ರಯೋಗಗಳು ತೋರಿಸಿವೆ. ಆದ್ದರಿಂದ ನಮ್ಮ ಕೂಟಗಳಲ್ಲಿ ಮೊದಲ ಹದಿನೈದು ನಿಮಿಷ ಮೇಜಿನ ಮೇಲೆ ಅನ್ನದ ಪಾತ್ರೆಯೇ ಇರುವುದಿಲ್ಲ. ಹಸಿದವರು ಕೋಸಂಬರಿಗೆ ಕೈ ಹಾಕಲೇಬೇಕು.

ಈ ಒಪ್ಪಂದಕ್ಕೆ ಮೊದಲ ವಿರೋಧ ಬಂದದ್ದು ಒಬ್ಬ ಅಜ್ಜಿಯಿಂದ. ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದವರು, ಧಾರವಾಡದವರು. "ಮನೀಗೆ ಬಂದವ್ರಿಗೆ ಒಂದೇ ಸಲ ಕೇಳಿ ಸುಮ್ನ ಕೂಡೂದಂದ್ರ ಹೆಂಗವಾ? ಅದು ನಮ್ಮ ಪದ್ಧತಿ ಅಲ್ಲ" ಎಂದು ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ಅವರೇ ಪರಿಹಾರ ಕಂಡುಕೊಂಡರು. ಅಂಗೈ ಅಗಲದ ಪುಟ್ಟ ಹೋಳಿಗೆ. ಒಂದಕ್ಕೆ ಬದಲು ಎರಡು ಹಾಕಿದರೂ ಹಳೆಯ ಒಂದರ ಅರ್ಧ! ಉಪಚಾರವೂ ಆಯಿತು, ಒಪ್ಪಂದವೂ ಉಳಿಯಿತು. ಅವರೇ ಈಗ ನಮಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸುತ್ತಿದ್ದಾರೆ. ಗುಜರಾತಿ ಅಂಗಡಿಯಲ್ಲಿ ಜುವಾರ್ ಎಂದು ಕೇಳಿದರೆ ಜೋಳದ ಹಿಟ್ಟು ಸಿಗುತ್ತದೆ. ಹಿಟ್ಟು ಹಳೆಯದಾದರೆ ರೊಟ್ಟಿ ಬಿರಿಯುತ್ತದೆ, ಪೊಟ್ಟಣದ ಮೇಲಿನ ತಾರೀಖು ನೋಡಿ ತನ್ನಿ.

ಸಾಮಾನಿನ ವಿಷಯಕ್ಕೆ ಬಂದರೆ, ಇಲ್ಲಿ ಏನೂ ಸಿಗುವುದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಫ್ರೀಜರಿನಲ್ಲಿ ಸುರ್ತಿ ಪಾಪಡಿ ಲಿಲ್ವಾ ಎಂಬ ಹೆಸರಿನಲ್ಲಿ ಮಲಗಿರುವುದು ನಮ್ಮ ಅವರೆಕಾಳಿನ ಹತ್ತಿರದ ನೆಂಟ. ಕತ್ತರಿಸಿದ ಮೆಂತ್ಯ ಸೊಪ್ಪು ಪುಟ್ಟ ಗಟ್ಟಿಗಳಾಗಿ ಸಿಗುತ್ತದೆ. ಬಸ್ಸಾರಿಗೆ ದಂಟು ಸೊಪ್ಪೇ ಬೇಕೆಂದು ಕೂರಬೇಡಿ, ಇಲ್ಲಿನ ಪಾಲಕ್, ಚಾರ್ಡ್, ಕೇಲ್ ಯಾವುದಾದರೂ ಆದೀತು. ಕೇಲ್ ಸ್ವಲ್ಪ ಹೆಚ್ಚು ಬೇಯಬೇಕು, ಅಷ್ಟೆ. ಬೇಸಿಗೆಯ ರನ್ನರ್ ಬೀನ್ಸ್‌ಗೆ ಕಾಯಿತುರಿಯನ್ನು ಎಂದಿಗಿಂತ ಅರ್ಧ ಹಾಕಿ ಪಲ್ಯ ಮಾಡಿ ನೋಡಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗುವುದಿಲ್ಲ ಎಂದು ರೆಡಿಮೇಡ್ ಪರೋಟ ತರುವವರಿಗೆ ಒಂದು ಉಪಾಯ: ಓವನ್ನಿನ ದೀಪ ಮಾತ್ರ ಹಾಕಿ ಅದರೊಳಗೆ ಪಾತ್ರೆ ಇಡಿ, ಬೆಳಗ್ಗೆ ಎದ್ದಾಗ ಉಕ್ಕಿರುತ್ತದೆ. ಅಕ್ಕಿ ಕಡಿಮೆ ಮಾಡಿ ಹೆಸರುಕಾಳು ಹೆಚ್ಚು ಹಾಕಿದರೆ ಅದೇ ಪೆಸರಟ್ಟು, ಅದಕ್ಕೆ ಹುದುಗುವ ಗೋಜೂ ಇಲ್ಲ.

ಆದರೆ ಇದೆಲ್ಲ ಮಾಡುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಮನೆಯ ಹೆಂಗಸರು ಎರಡನೆಯ ಸಭೆಯಲ್ಲೇ ಎತ್ತಿದರು, ಅದಕ್ಕಾಗಿ ಅವರಿಗೆ ಕೃತಜ್ಞತೆ ಹೇಳಬೇಕು. ಗಂಡನಿಗೊಂದು ಪಥ್ಯ, ಮಕ್ಕಳಿಗೊಂದು ಪಾಸ್ತಾ, ಅತ್ತೆ ಮಾವನಿಗೆ ಮೆತ್ತಗಿನ ಅನ್ನ ಎಂದು ಒಂದೇ ಒಲೆಯ ಮುಂದೆ ಮೂರು ಅಡುಗೆ ಮಾಡಿ, ಎಂಟು ಗಂಟೆಯ ಆಫೀಸೂ ಮಾಡಿ, ಕೊನೆಗೆ ತಾವು ಮಿಕ್ಕದ್ದನ್ನು ನಿಂತುಕೊಂಡು ತಿನ್ನುವುದಾದರೆ ಈ ಕ್ರಮ ಯಾರ ಆರೋಗ್ಯಕ್ಕೆ? ಹೀಗಾಗಿ ಎರಡು ಷರತ್ತು ಸೇರಿದವು. ಮನೆಯಲ್ಲಿ ಎರಡು ಅಡುಗೆ ಆಗುವುದಾದರೆ ಆ ಕ್ರಮ ಬೇಡ. ಭಾನುವಾರ ಸಂಜೆಯ ತರಕಾರಿ ಹೆಚ್ಚುವುದು, ಕಾಳು ನೆನೆಹಾಕಿ ಬೇಯಿಸಿ ಡಬ್ಬಿ ಮಾಡಿ ಫ್ರೀಜರಿಗೆ ಇಡುವುದು ಗಂಡಸರ ಪಾಲು. ಹುರುಳಿಕಾಯಿಯ ನಾರು ತೆಗೆಯುವ ತರಬೇತಿ ಈಗಾಗಲೇ ನಡೆಯುತ್ತಿದೆ. ಒಬ್ಬ ಹಿರಿಯ ವ್ಯವಸ್ಥಾಪಕರು ಅರ್ಧ ಕಿಲೋಗೆ ಮುಕ್ಕಾಲು ಗಂಟೆ ತೆಗೆದುಕೊಂಡರು, ಅವರ ಹೆಸರು ಹೇಳುವುದಿಲ್ಲ, ಎರಡನೆಯ ಸಾಲಿನಲ್ಲಿ ಕೂತಿದ್ದಾರೆ.

ಇನ್ನು ಕೆಲವು ಎಚ್ಚರಿಕೆಗಳು, ಇದನ್ನು ತಮಾಷೆಯಿಲ್ಲದೆ ಹೇಳುತ್ತೇವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ರಕ್ತದೊತ್ತಡದ ಮಾತ್ರೆಯವರಿಗೂ ಪ್ರಮಾಣ ಬದಲಿಸಬೇಕಾಗಿ ಬರಬಹುದು. ಮೊದಲು ಜಿ.ಪಿ. ಅಥವಾ ನರ್ಸ್ ಬಳಿ ಮಾತಾಡಿ, ಆಮೇಲೆ ಶುರು. ನಮ್ಮ ಸ್ಟೆಂಟ್ ಹಾಕಿಸಿಕೊಂಡ ಗೆಳೆಯರು ತಮ್ಮ ಆಸ್ಪತ್ರೆಯ ಆಹಾರ ತಜ್ಞರು ಬರೆದುಕೊಟ್ಟದ್ದನ್ನು ಮಾತ್ರ ಅನುಸರಿಸುತ್ತಾರೆ, ನಮ್ಮ ಒಪ್ಪಂದ ಅವರಿಗೆ ಜೊತೆ ಮಾತ್ರ. ಮೆಟ್ಫಾರ್ಮಿನ್ ಬಹಳ ಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ, ಹಾಗಾಗಿ ಪರೀಕ್ಷೆಗೆ ಕೇಳಿ. ವಿಟಮಿನ್ ಡಿ ಈ ದೇಶದ ಬಿಸಿಲಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸಿಗುವುದಿಲ್ಲ, ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ಎಲ್ಲರಿಗೂ ಸರ್ಕಾರದ ಸಲಹೆ. ನಮ್ಮ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಒಪ್ಪಂದದ ಹೊರಗೆ.

ಮಕ್ಕಳ ಮುಂದೆ ತೂಕದ ಮಾತೇ ಇಲ್ಲ ಎಂಬುದೂ ಬರೆದಿಟ್ಟಿದ್ದೇವೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರಿರುವ ಮನೆಗಳು ನಮ್ಮಲ್ಲಿ ನಾಲ್ಕಿವೆ. "ದಪ್ಪಗಾಗಿದ್ದೀಯಲ್ಲೇ" ಎಂದು ಪ್ರೀತಿಯಿಂದಲೇ ಹೇಳುವ ಅಭ್ಯಾಸ ನಮ್ಮವರದು. ಆ ಮಾತು ಎಷ್ಟು ದಿನ ಒಳಗೆ ಉಳಿಯುತ್ತದೆ ಎಂದು ಆ ಹುಡುಗಿಯರನ್ನೇ ಕೇಳಿದರೆ ಹೇಳುತ್ತಾರೆ. ದೊಡ್ಡವರಲ್ಲೂ ಪೈಪೋಟಿ ಬೇಡವೆಂದು ಯಾರೂ ತಮ್ಮ ತೂಕವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವಂತಿಲ್ಲ. ಹಾಕಬಹುದಾದ್ದು ಎರಡೇ: ಇವತ್ತು ಏನು ಅಡುಗೆ ಮಾಡಿದೆವು, ಎಷ್ಟು ನಡೆದೆವು.

ನಡಿಗೆಯ ಲೆಕ್ಕ ವಾರಕ್ಕೆ 150 ನಿಮಿಷ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಬೀದಿ ಸುತ್ತಿ ಬಂದರೂ ಸಕ್ಕರೆಗೆ ಅನುಕೂಲ. ಜನವರಿಯಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಒಬ್ಬರೇ ಹೊರಡುವುದು ಕಷ್ಟ. ಅದಕ್ಕೇ ಹತ್ತಿರದ ಎರಡೆರಡು ಮನೆಗಳನ್ನು ಜೋಡಿ ಮಾಡಿದ್ದೇವೆ, ಒಬ್ಬರು ಬಂದು ಬಾಗಿಲು ತಟ್ಟಿದರೆ ಇನ್ನೊಬ್ಬರು ಹೊರಡಲೇಬೇಕು. ತಿಂಗಳಿಗೊಂದು ಶನಿವಾರ ಎಲ್ಲರೂ ಲಂಡನ್ನಿಗೆ ಹೋಗಿ ಲ್ಯಾಂಬೆತ್ ಸೇತುವೆಯ ಹತ್ತಿರ, ಥೇಮ್ಸ್ ದಡದಲ್ಲಿ 2015ರಲ್ಲಿ ಸ್ಥಾಪಿಸಿದ ಬಸವಣ್ಣನವರ ಪುತ್ಥಳಿಯಿಂದ ಹೊರಟು ನದಿಯ ಪಕ್ಕದಲ್ಲೇ ಟವರ್ ಬ್ರಿಡ್ಜ್ ಕಡೆಗೆ ನಡೆಯುವುದು. ಬುತ್ತಿ ಕಡ್ಡಾಯ. ದಾರಿಯಲ್ಲಿ ಸಿಗುವ ಚಿಪ್ಸ್ ಅಂಗಡಿಗಳ ಬಗ್ಗೆ ಇನ್ನೂ ಒಮ್ಮತ ಬಂದಿಲ್ಲ.

ಯುಗಾದಿಗೆ ಒಪ್ಪಂದ ಮುಗಿಯುತ್ತದೆ. ಏಪ್ರಿಲ್ ನಡುವೆ, ಮೂರು ತಿಂಗಳು ತುಂಬಿದ ಮೇಲೆ, ಆ ಐವರೂ ಮತ್ತೆ ರಕ್ತ ಪರೀಕ್ಷೆಗೆ ಜಿ.ಪಿ. ಬಳಿ ಕೇಳಿಕೊಳ್ಳುತ್ತಾರೆ. 42ರ ಕೆಳಗೆ ಎಷ್ಟು ಜನ ಬರುತ್ತಾರೋ ನೋಡಬೇಕು. ಬಾರದಿದ್ದವರ ಜೊತೆ ಮತ್ತೊಂದು ಸುತ್ತು ಎಂದು ಈಗಲೇ ಮಾತಾಗಿದೆ.

ನಿಮ್ಮಲ್ಲಿ ಯಾರಿಗಾದರೂ ಬರಬೇಕೆನಿಸಿದರೆ ನಮ್ಮ ಗುಂಪಿಗೇ ಸೇರಬೇಕೆಂದಿಲ್ಲ, ನಿಮ್ಮ ನಿಮ್ಮ ಊರಿನಲ್ಲೇ ನಾಲ್ಕು ಮನೆ ಕೂಡಿಸಿಕೊಳ್ಳಿ. ಒಪ್ಪಂದದ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲೆ, ದೇಣಿಗೆ ಪೆಟ್ಟಿಗೆಯ ಪಕ್ಕದಲ್ಲಿವೆ. ಡಿಸೆಂಬರ್ ಮೊದಲ ಭಾನುವಾರ ನಮ್ಮ ಕೊನೆಯ ತಯಾರಿ ಸಭೆ, ಅವತ್ತು ಅಜ್ಜಿಯವರ ರೊಟ್ಟಿ ಪಾಠವೂ ಇದೆ. ನೋಡಲು ಬರುವವರು ಬರಬಹುದು. ಒಂದು ಪೊಟ್ಟಣ ಜೋಳದ ಹಿಟ್ಟು ತನ್ನಿ, ನಿಮ್ಮ ಎತ್ತರದಷ್ಟು ದಾರವನ್ನೂ ತನ್ನಿ.